ಎಂಟನೇ ದಿನದ ಓಲೆ

ಕಡಲಿಗಿಂತ ತಗ್ಗಿನಲ್ಲಿ ಒಂದು ಊರಿತ್ತು. ಊರಿಗೂ ಕಡಲಿಗೂ ನಡುವೆ ಒಂದು ಒಡ್ಡು. ಒಡ್ಡಿನ ಈಚೆ ಮನೆ, ಗದ್ದೆ, ಕಣ, ತೊಟ್ಟಿಲು. ಆಚೆ ನೀರು.

ಆ ಊರಿನಲ್ಲಿ ಒಂದು ಕಟ್ಟಳೆಯಿತ್ತು. ಕಡಲನ್ನು ಯಾರೂ ನೋಡಕೂಡದು. ಮನೆಗಳ ಬಾಗಿಲೆಲ್ಲ ಮೂಡಣಕ್ಕೆ ತೆರೆಯುತ್ತಿದ್ದವು. ಪಡುವಣದ ಗೋಡೆಗೆ ಕಿಟಕಿ ಇರುತ್ತಿರಲಿಲ್ಲ. ಅಲೆಯ ಸದ್ದು ಕೇಳಿಸುತ್ತಿತ್ತು, ಉಪ್ಪಿನ ಗಾಳಿ ಬೀಸುತ್ತಿತ್ತು, ಒಣಗಲು ಹಾಕಿದ ಬಟ್ಟೆ ಅಂಟಂಟಾಗುತ್ತಿತ್ತು. ಆದರೂ ಜನ ಹುಟ್ಟಿದಾಗಿನಿಂದ ಸಾಯುವ ತನಕ ಕಡಲನ್ನು ಕಾಣದೆಯೇ ಅದರ ಮಗ್ಗುಲಲ್ಲಿ ಬಾಳುತ್ತಿದ್ದರು.

ನೋಡಲು ಒಬ್ಬಳಿದ್ದಳು. ಅವಳನ್ನು ಓದುವವಳು ಎಂದು ಕರೆಯುತ್ತಿದ್ದರು. ಹೆಸರು ಬೀರಮ್ಮ. ಐವತ್ತು ದಾಟಿದ ಹೆಂಗಸು, ಒಂಟಿ, ಮಾತು ಕಡಿಮೆ. ಅವಳ ಅತ್ತೆ ಓದುವವಳಾಗಿದ್ದಳು, ಅತ್ತೆಯ ಅತ್ತೆಯೂ ಆಗಿದ್ದಳು. ಎಂಟು ದಿನಕ್ಕೊಮ್ಮೆ ಬೀರಮ್ಮ ಮಿಂದು, ಬಿಳಿ ಸೀರೆ ಉಟ್ಟು, ಒಡ್ಡನ್ನು ಹತ್ತುತ್ತಿದ್ದಳು. ಒಡ್ಡಿನ ಆಚೆ ಬದಿಗೆ ಕಡಲಿನೊಳಕ್ಕೆ ಇಳಿಯುವ ಎಪ್ಪತ್ತು ಕಲ್ಲಿನ ಮೆಟ್ಟಿಲುಗಳಿದ್ದವು. ಬುಡದ್ದು ಒಂದನೆಯದು, ನೆತ್ತಿಯದು ಎಪ್ಪತ್ತನೆಯದು. ಸೂರ್ಯ ಹುಟ್ಟುವಾಗ ನೆತ್ತಿಯ ಮೇಲೆ ಕೂತರೆ ಮುಳುಗುವಾಗ ಏಳುತ್ತಿದ್ದಳು. ಉಬ್ಬರದಲ್ಲಿ ನೀರು ಎಷ್ಟನೇ ಮೆಟ್ಟಿಲಿಗೆ ಬಂತು, ಇಳಿತದಲ್ಲಿ ಎಷ್ಟನೇ ಮೆಟ್ಟಿಲಿಗೆ ಹೋಯಿತು, ಗಾಳಿ ಯಾವ ದಿಕ್ಕಿನದು, ನೊರೆ ಯಾವ ಬಣ್ಣದ್ದು, ಎಲ್ಲವನ್ನೂ ಒಂದು ಓಲೆಯ ಮೇಲೆ ಬರೆದುಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ಊರೆಲ್ಲ ಕಣದಲ್ಲಿ ಸೇರುತ್ತಿತ್ತು. ಓದುವವಳು ಓದುತ್ತಿದ್ದಳು.

"ಕಡಲು ಐವತ್ತೆಂಟಕ್ಕೆ ಬಂತು."

"ಕೇಳಿದೆವು" ಎನ್ನುತ್ತಿತ್ತು ಊರು.

"ಕಡಲು ಹದಿನಾಲ್ಕಕ್ಕೆ ಹೋಯಿತು."

"ಕೇಳಿದೆವು."

"ಗಾಳಿ ತೆಂಕಣದ್ದು. ನೊರೆ ಬಿಳಿ."

"ಕೇಳಿದೆವು."

ಅಷ್ಟೇ. ಓಲೆಗೆ ದಾರ ಕಟ್ಟಿ ಅಟ್ಟದ ಮೇಲೆ ಹಾಕುವುದು ಪದ್ಧತಿ. ಗದ್ದೆಯ ನೀರು ಬಿಡುವ ತೂಬನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಆ ಓದಿನ ಮೇಲೆ ನಿರ್ಧರಿಸಿ, ಜನ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಮುಂದಿನ ಓದಿನ ತನಕ ಕಡಲು ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ಸಲ ಬೀರಮ್ಮ ಓದಿದಳು: "ಕಡಲು ಐವತ್ತೆರಡಕ್ಕೆ ಬಂತು. ಗಾಳಿ ಮಲಗಿದೆ." ಊರು ಕೇಳಿತು. ಮೂರನೇ ದಿನ ಬೆಳಿಗ್ಗೆ, ಒಲೆಗಳ ಹೊಗೆ ಇನ್ನೂ ಸೂರಿನಲ್ಲಿ ಸುಳಿಯುತ್ತಿರುವಾಗ, ಕಡಲು ಒಡ್ಡು ಹಾರಿ ಬಂತು. ಕೆಳಗಿನ ಕೇರಿಯ ಏಳು ಮನೆಗಳನ್ನು ಎತ್ತಿಕೊಂಡು ಹೋಯಿತು. ಹನ್ನೊಂದು ಜನ ಹೋದರು. ಅವರಲ್ಲಿ ಗಾಜು ಊದುವ ಸಾಂತಯ್ಯನ ಮಗಳು ಮಂಕಾಳಿಯೂ ಇದ್ದಳು. ತಾಯಿಯಿಲ್ಲದ ಹುಡುಗಿ, ಹದಿನಾರು ವರ್ಷ.

ಹದಿಮೂರು ದಿನ ಕಳೆದ ಮೇಲೆ ನಸುಕಿನಲ್ಲೇ ಸಾಂತಯ್ಯ ಓದುವವಳ ಮನೆಗೆ ಬಂದ. ಜಗುಲಿಗೆ ಹತ್ತಲಿಲ್ಲ, ಅಂಗಳದಲ್ಲೇ ನಿಂತ.

"ಬೀರಕ್ಕ, ನೀನು ಓದಿದ್ದು ಸುಳ್ಳಲ್ಲ."

"ಅಲ್ಲ ತಮ್ಮಾ."

"ಸುಳ್ಳಲ್ಲ, ಹಳೇದು. ಮೂರು ದಿನದ ಹಳೇದು. ನನ್ನ ಮಗಳು ಹಳೇ ಕಡಲನ್ನ ನಂಬ್ಕೊಂಡು ಅಂಗಳದಲ್ಲಿ ಅಕ್ಕಿ ಆರಿಸ್ತಾ ಕೂತಿದ್ಲು."

ಅವನು ಹೋದ ಮೇಲೆ ಬೀರಮ್ಮ ಹೊಸಿಲಿನ ಮೇಲೆ ಕೂತಳು. ಆಮೇಲೆ ಎದ್ದು, ಮಿಂದು, ಬಿಳಿ ಸೀರೆ ಉಟ್ಟಳು. ಅಂದು ಎಂಟನೇ ದಿನವಾಗಿತ್ತು.

ಸಾಂತಯ್ಯ ಮೂರು ವರ್ಷ ಬೇರೇನೂ ಮಾಡಲಿಲ್ಲ. ಸೀಸೆ ಊದಲಿಲ್ಲ, ಲೋಟ ಊದಲಿಲ್ಲ. ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಒಡ್ಡಿನ ಅಡಿಯಿಂದ ಊರ ನಡುವಿನ ಚೌಕಕ್ಕೆ ತಂದ. ಅಲ್ಲಿ ಒಂದು ಗಾಜಿನ ಕಂಬ ನಿಲ್ಲಿಸಿದ. ಅದರ ಬುಡ ಆಳದ ಗುಂಡಿಯಲ್ಲಿತ್ತು, ತುದಿ ಒಡ್ಡಿನ ನೆತ್ತಿಗೆ ಸಮವಾಗಿತ್ತು. ಒಳಗಿನ ನೀರಿಗೆ ನೀಲಿ ಬೆರೆಸಿದ. ಮೈಗೆ ಎಪ್ಪತ್ತು ಗೆರೆ ಕೊರೆದ. ಕಡಲು ಏರಿದರೆ ಕಂಬದ ನೀಲಿ ಏರುತ್ತಿತ್ತು. ಕಡಲು ಇಳಿದರೆ ನೀಲಿಯೂ ಇಳಿಯುತ್ತಿತ್ತು. ಒಂದು ಅಲೆ ಬಂದು ಹೋದರೂ ನೀಲಿ ಒಂದು ಬೆರಳು ಮಿಡಿಯುತ್ತಿತ್ತು.

ಇದು ಕಟ್ಟಳೆಗೆ ಒಪ್ಪುವುದೇ ಎಂದು ಜನ ಊರಹಿರಿಯನನ್ನು ಕೇಳಿದರು. ಅವನು ಕಂಬದ ಸುತ್ತ ಒಂದು ಸುತ್ತು ಬಂದ, ಗಾಜಿಗೆ ಕಿವಿಯಿಟ್ಟ, ಗಡ್ಡ ಕೆರೆದುಕೊಂಡ.

"ಕಡಲನ್ನ ನೋಡಬಾರದು ಅಂತ ಕಟ್ಟಳೆ ಇದೆ. ಕಂಬ ನೋಡಬಾರದು ಅಂತ ಯಾರೂ ಹೇಳಿಲ್ಲ. ನೋಡಿ."

ಜನ ನೋಡಿದರು. ಹಿಂದೆಂದೂ ಕಡಲನ್ನು ಕಂಡಿರದ ಊರು, ಅದರ ಉಸಿರಾಟವನ್ನು ಕಣ್ಣೆದುರೇ ಕಂಡಿತು. ಮುದುಕಿಯರು ಕೈಮುಗಿದರು. ತಾಯಂದಿರು ಕೂಸುಗಳನ್ನು ಎತ್ತಿ ತೋರಿಸಿದರು. ಇಪ್ಪತ್ತನೇ ದಿನ ನೀಲಿ ಹಿಂದೆಂದೂ ಇಲ್ಲದಂತೆ ನೆಗೆದು ಮೇಲಕ್ಕೆ ಓಡಿತು. ಕೆಳಗಿನ ಕೇರಿಯವರು ಮಕ್ಕಳನ್ನೂ ದನಗಳನ್ನೂ ಎಬ್ಬಿಸಿಕೊಂಡು ಊರ ಹಿಂದಿನ ದಿಬ್ಬಕ್ಕೆ ಓಡಿದರು. ಕಡಲು ಒಡ್ಡು ಹಾರಿ ಬಂದು, ಖಾಲಿ ಮನೆಗಳನ್ನು ತೊಳೆದು, ಹಿಂದಕ್ಕೆ ಹೋಯಿತು. ಒಂದು ಕೋಳಿಮರಿಯೂ ಸಾಯಲಿಲ್ಲ. ಅಂದು ಜನ ಸಾಂತಯ್ಯನನ್ನು ತಬ್ಬಿಕೊಂಡು ಅತ್ತರು. ಅವನೂ ಅತ್ತ. ಬೀರಮ್ಮ ತನ್ನ ಅಂಗಳದಿಂದ ಆ ಸದ್ದು ಕೇಳಿದಳು. ಅವಳಿಗೆ ಸಂತೋಷವೇ ಆಯಿತು, ಸುಳ್ಳಲ್ಲ.

ಮುಂದಿನ ಓದಿಗೆ ಕಣಕ್ಕೆ ಅರ್ಧ ಊರು ಬಂತು. ಅದರ ಮುಂದಿನದಕ್ಕೆ ಹತ್ತು ಜನ. ಆಮೇಲೆ ಒಬ್ಬಳೇ ಮುದುಕಿ, ಅವಳಿಗೂ ಕಿವಿ ಮಂದ. ಬೀರಮ್ಮ ಖಾಲಿ ಕಣಕ್ಕೆ ಓದಿದಳು. "ಕೇಳಿದೆವು" ಎನ್ನುವವರಿರಲಿಲ್ಲ. ಓದಿ, ದಾರ ಕಟ್ಟಿ, ಅಟ್ಟಕ್ಕೆ ಹಾಕಿದಳು.

ಊರೆಲ್ಲ ಚೌಕದಲ್ಲಿತ್ತು. ನೀಲಿ ಒಂದು ಗೆರೆ ಏರಿದರೆ "ಏರಿತು!" ಎಂಬ ಕೂಗು. ಒಂದು ಗೆರೆ ಇಳಿದರೆ "ಇಳಿಯಿತು!" ಏರಿದಾಗ ದಿಬ್ಬಕ್ಕೆ ಓಟ, ಇಳಿದಾಗ ಮನೆಗೆ ನಡಿಗೆ, ಬಾಗಿಲು ತಲುಪುವುದರೊಳಗೆ ಮತ್ತೆ "ಏರಿತು!" ಹೀಗೆ ದಿನಕ್ಕೆ ನಲವತ್ತು ಸಲ. ಒಲೆಯ ಮೇಲಿನ ರೊಟ್ಟಿ ಕರಿದಾಯಿತು. ಮಗ್ಗದ ಎಳೆ ಹರಿಯಿತು. ಕುಂಬಾರ ತಿರುಗಿಸಿಬಿಟ್ಟ ಚಕ್ರದ ಮೇಲೆ ಮಡಕೆ ಕುಸಿದು ಮುದ್ದೆಯಾಯಿತು. ಒಂದು ಮದುವೆಯಲ್ಲಿ ಮಾಲೆ ಹಿಡಿದ ವಧು ಕುತ್ತಿಗೆ ತಿರುಗಿಸಿ ಕಂಬವನ್ನೇ ನೋಡುತ್ತಿದ್ದಳು, ಎದುರಿಗಿದ್ದ ವರನೂ ಅದನ್ನೇ ನೋಡುತ್ತಿದ್ದ. ತೂಬಿನವರು ನೀಲಿ ಏರಿದಾಗಲೆಲ್ಲ ತೂಬು ಮುಚ್ಚಿದರು, ಇಳಿದಾಗಲೆಲ್ಲ ತೆರೆದರು. ತೆರೆದ ಗಳಿಗೆಯಲ್ಲೇ ಅಲೆ ಬಂದು ಗದ್ದೆಗೆ ಉಪ್ಪುನೀರು ನುಗ್ಗಿತು. ಸಸಿಗಳ ತುದಿ ಕೆಂಪಾಯಿತು. ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣೂ ಗಾಜಿನ ಮೇಲಿತ್ತು.

ಒಂದು ದಿನ ಬೀರಮ್ಮನೂ ಚೌಕಕ್ಕೆ ಹೋದಳು. ಒಂದು ಗಳಿಗೆ ನೋಡಿ ಬರೋಣವೆಂದು ಹೋದವಳು ಅಲ್ಲೇ ಕೂತುಬಿಟ್ಟಳು. ನೀಲಿ ಏರಿತು. ಅವಳ ಎದೆ ಏರಿತು. ನೀಲಿ ಇಳಿಯಿತು. ಅವಳ ಉಸಿರು ಇಳಿಯಿತು. ಮೂವತ್ತು ವರ್ಷ ಕಡಲನ್ನೇ ನೋಡಿದವಳಿಗೆ ಇಂಥ ನೋಟ ಗೊತ್ತಿರಲಿಲ್ಲ. ಇದಕ್ಕೆ ಹಿಂದಿಲ್ಲ, ಮುಂದಿಲ್ಲ, ಈಗ ಮಾತ್ರ. ಈಗ, ಮತ್ತೆ ಈಗ, ಮತ್ತೆ ಈಗ. ಯಾರೋ ಕೈಗೆ ಅವಲಕ್ಕಿ ಕೊಟ್ಟರು, ತಿಂದಳು. ಅಲ್ಲೇ ಒರಗಿದಳು. ಎಚ್ಚರವಾದಾಗ ಮತ್ತೆ ನೋಡಿದಳು. ಎದ್ದು ಮನೆಗೆ ಬಂದಾಗ ಮೂರು ದಿನ ಕಳೆದಿದ್ದವು. ನಡುವೆ ಒಂದು ಎಂಟನೇ ದಿನ ಬಂದು ಹೋಗಿತ್ತು. ಓಲೆ ಖಾಲಿಯಾಗಿತ್ತು.

ಬೀರಮ್ಮ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಅತ್ತೆಗೆ ಏನು ಹೇಳಲಿ, ಅತ್ತೆಯ ಅತ್ತೆಗೆ ಏನು ಹೇಳಲಿ ಎಂದುಕೊಂಡಳು. ಆಮೇಲೆ ಒಂದು ಯೋಚನೆ ಬಂತು. ಅವರಿಗೂ ಜ್ವರ ಬಂದಿರಬೇಕು, ಅವರೂ ಹೆತ್ತಿರಬೇಕು, ಅವರೂ ಎಲ್ಲೋ ಒಂದು ಓದು ತಪ್ಪಿಸಿರಬೇಕು. ತಪ್ಪಿದಾಗ ಓಲೆಯ ಮೇಲೆ ಏನು ಬರೆದರು? ಅದನ್ನು ನೋಡಲೆಂದು ಅವಳು ಏಣಿ ಹಾಕಿ ಅಟ್ಟಕ್ಕೆ ಹತ್ತಿದಳು.

ಅಟ್ಟದ ತುಂಬ ಓಲೆಯ ಕಟ್ಟುಗಳು. ಕಟ್ಟಿ ಹಾಕಿದವರಲ್ಲಿ ಒಬ್ಬರೂ ಮತ್ತೆ ಬಿಚ್ಚಿರಲಿಲ್ಲ. ಅವಳು ದೂಳು ಕೊಡವಿ ಅತ್ತೆಯ ಅತ್ತೆಯ ಒಂದು ಕಟ್ಟನ್ನು ಬಿಚ್ಚಿದಳು. ಮೊದಲ ಓಲೆಯಲ್ಲಿ ಬರೆದಿತ್ತು: ಕಡಲು ಎಂಟಕ್ಕೆ ಹೋಯಿತು.

ಎಂಟಕ್ಕೆ? ಬೀರಮ್ಮ ಕಣ್ಣು ಉಜ್ಜಿಕೊಂಡಳು. ತನ್ನ ಕಾಲದಲ್ಲಿ ಇಳಿತದ ನೀರು ಎಂಟನೇ ಮೆಟ್ಟಿಲಿಗೆ ಹೋದದ್ದನ್ನು ಅವಳು ಒಂದು ಸಲವೂ ಕಂಡಿರಲಿಲ್ಲ. ಎಂಟನೇ ಮೆಟ್ಟಿಲು ಹೇಗಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಇನ್ನೊಂದು ಓಲೆ ತೆಗೆದಳು, ಎಂಟು. ಇನ್ನೊಂದು, ಒಂಬತ್ತು. ಅತ್ತೆಯ ಕಟ್ಟು ಬಿಚ್ಚಿದಳು, ಹತ್ತು, ಹತ್ತು, ಹನ್ನೊಂದು. ತನ್ನ ಮೊದಲ ವರ್ಷದ ಓಲೆಗಳನ್ನು ತೆಗೆದಳು, ಹನ್ನೆರಡು. ನೆರೆ ಬಂದ ವರ್ಷದವು, ಹದಿನಾಲ್ಕು. ಕಳೆದ ತಿಂಗಳಿನದು, ಹದಿನೇಳು.

ಉಬ್ಬರದ ಲೆಕ್ಕದಲ್ಲಿ ಹಾಗೇನೂ ಕಾಣಲಿಲ್ಲ. ಒಂದು ಸಲ ಐವತ್ತೈದು, ಒಂದು ಸಲ ಅರವತ್ತಮೂರು, ಮತ್ತೆ ಐವತ್ತೆಂಟು. ಉಬ್ಬರ ಗಾಳಿಯ ಮಾತು ಕೇಳಿ ಕುಣಿಯುತ್ತದೆ. ಇಳಿತ ಮಾತ್ರ ಒಂದೊಂದೇ ಮೆಟ್ಟಿಲು ಬಿಟ್ಟುಕೊಡುತ್ತ ಬಂದಿತ್ತು. ಬಿಟ್ಟ ಮೆಟ್ಟಿಲಿಗೆ ನೀರು ಮತ್ತೆ ಇಳಿದಿರಲಿಲ್ಲ. ಅದರ ಅರ್ಥ ಒಂದೇ ಆಗಿತ್ತು. ಕಡಲು ಬೆಳೆಯುತ್ತಿತ್ತು. ಮೊದಲು ತಲೆಮಾರಿಗೆ ಎರಡು ಮೆಟ್ಟಿಲು, ಈಗ ಮೂರು ವರ್ಷಕ್ಕೇ ಮೂರು ಮೆಟ್ಟಿಲು. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ದೊಡ್ಡ ಉಬ್ಬರ ಬರುತ್ತದೆ. ಮುಂದಿನ ದೊಡ್ಡ ಉಬ್ಬರಕ್ಕೆ ಅದು ಒಡ್ಡನ್ನು ಹಾರಿ ಬಂದು ಹೋಗುವುದಿಲ್ಲ. ಬಂದು ನಿಲ್ಲುತ್ತದೆ.

ಅವಳು ಮಂಡಿಯ ಮೇಲೆ ಓಲೆಗಳನ್ನು ಹರಡಿಕೊಂಡು ಅಟ್ಟದಲ್ಲೇ ಅತ್ತಳು. ಮೂವತ್ತು ವರ್ಷ ಓದಿದೆ, ಒಂದು ಓಲೆಯ ಪಕ್ಕ ಇನ್ನೊಂದು ಓಲೆಯನ್ನು ಇಟ್ಟು ನೋಡಲಿಲ್ಲವಲ್ಲ ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಮೂರು ಕಟ್ಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಚೌಕಕ್ಕೆ ನಡೆದಳು.

"ಕೇಳಿ" ಎಂದಳು.

"ಏರಿತು!" ಎಂದಿತು ಊರು.

"ಕಡಲು ಎಂಟಕ್ಕೆ ಹೋಗುತ್ತಿತ್ತು. ಈಗ ಹದಿನೇಳಕ್ಕೆ ಹೋಗುತ್ತಿದೆ."

"ಇಳಿಯಿತು!" ಎಂದಿತು ಊರು, ನಿಟ್ಟುಸಿರು ಬಿಟ್ಟು ಚದುರಿತು. ಇಳಿಯುವಾಗ ಎಷ್ಟು ಇಳಿಯಿತು ಎಂದು ನೋಡುವವರು ಯಾರೂ ಇರಲಿಲ್ಲ. ನೀಲಿ ಕೆಳಗೆ ಹೋದರೆ ಎಲ್ಲರೂ ಊಟಕ್ಕೆ ಏಳುತ್ತಿದ್ದರು.

ಸಾಂತಯ್ಯ ಮಾತ್ರ ಏಳುತ್ತಿರಲಿಲ್ಲ. ಕಂಬ ನಿಲ್ಲಿಸಿದಾಗಿನಿಂದ ಅವನು ಅದರ ಬುಡದಲ್ಲೇ ಇದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಡವಾಗಿತ್ತು. ಬೀರಮ್ಮ ಅವನ ಪಕ್ಕದಲ್ಲಿ ಕೂತಳು.

"ಸಾಂತಯ್ಯ, ಇದಕ್ಕೊಂದು ಬಟ್ಟೆ ಹೊದಿಸು."

ಅವನು ಬೆಚ್ಚಿ ಅವಳತ್ತ ತಿರುಗಿದ. ತಿಂಗಳುಗಳಲ್ಲಿ ಮೊದಲ ಸಲ ಅವನ ಕಣ್ಣು ಗಾಜಿನಿಂದ ಆಚೆಗೆ ಬಂದಿತ್ತು.

"ಬಟ್ಟೆನಾ? ಮುಚ್ಚಿದ ಹೊತ್ತಲ್ಲೇ ಬಂದ್ರೆ? ಅವತ್ತು ಬಂತಲ್ಲ, ಹಾಗೆ?"

"ಒಡೆದುಹಾಕು ಅಂತ ನಾನು ಹೇಳ್ತಿಲ್ಲ. ಒಬ್ಬರು ಒಳಗೆ ಕೂತು ನೋಡ್ಲಿ. ಊರು ಕೆಲಸ ಮಾಡ್ಲಿ. ಒಡ್ಡನ್ನ ಎತ್ತರಿಸಬೇಕು ಕಣೋ. ಊರೆಲ್ಲ ಇಲ್ಲಿ ಕುತ್ತಿಗೆ ಎತ್ಕೊಂಡು ನಿಂತಿದ್ರೆ ಮಣ್ಣು ಹೊರೋರು ಯಾರು?"

ಅವಳು ಓಲೆಗಳನ್ನು ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಇಟ್ಟಳು. ಎಂಟು, ಎಂಟು, ಒಂಬತ್ತು, ಹತ್ತು, ಹನ್ನೊಂದು. ಸಾಲು ಕಂಬದ ಬುಡದಿಂದ ಚೌಕದ ಅಂಚಿನವರೆಗೆ ಹೋಯಿತು. ಸಾಂತಯ್ಯ ಸಾಲಿನ ಜೊತೆಗೆ ನಡೆದ, ಕೊನೆಯ ಓಲೆಯ ಬಳಿ ನಿಂತ. ಗಾಜಿನವನಿಗೆ ಗೆರೆ ಓದಲು ಬರುತ್ತಿತ್ತು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಇದು ನನ್ನ ಕಂಬದಲ್ಲಿ ಯಾಕೆ ಕಾಣಲಿಲ್ಲ?" ಎಂದ.

"ನನ್ನ ಓದಲ್ಲೂ ಕಾಣಲಿಲ್ಲ ತಮ್ಮಾ. ನಾನೂ ಓದಿ ಓದಿ ಅಟ್ಟಕ್ಕೆ ಎಸೆದೆ."

ಅವನು ಮತ್ತೆ ಕಂಬದ ಬಳಿಗೆ ಬಂದು ಗಾಜಿನ ಮೇಲೆ ಕೈಯಿಟ್ಟ. "ಒಬ್ಬರು ನೋಡ್ತಾರೆ ಅಂತಿಟ್ಕೋ. ನಗಾರಿ ಬಾರಿಸ್ತಾರೆ. ಯಾವಾಗ ಬಾರಿಸ್ಬೇಕು? ಐವತ್ತೆಂಟಕ್ಕಾ? ಅರವತ್ತಕ್ಕಾ? ಬೇಗ ಬಾರಿಸಿದ್ರೆ ದಿನಕ್ಕೆ ನಲವತ್ತು ಸಲ ಓಡ್ತಾರೆ. ತಡ ಮಾಡಿದ್ರೆ..." ಅವನು ಗೆರೆಗಳ ಮೇಲೆ ಬೆರಳಾಡಿಸಿದ. "ಗೆರೆ ಎಲ್ಲಿ ಎಳೀಲಿ ಬೀರಕ್ಕ? ಮೂರು ವರ್ಷ ಕಟ್ಟಿದ್ದೀನಿ ಇದನ್ನ. ನಂಗೆ ಅದು ಗೊತ್ತಿಲ್ಲ."

"ಇದರಲ್ಲಿ ಇರುತ್ತೆ" ಎಂದಳು ಬೀರಮ್ಮ, ಓಲೆಗಳನ್ನು ತೋರಿಸಿ.

ಇಬ್ಬರೂ ಅಟ್ಟದಿಂದ ಎಲ್ಲ ಕಟ್ಟುಗಳನ್ನು ಇಳಿಸಿ ಜಗುಲಿಯಲ್ಲಿ ರಾಶಿ ಹಾಕಿದರು. ಆರು ದಿನ ಓದಿದರು. ಅವಳು ಓದುತ್ತಿದ್ದಳು, ಅವನು ನೆಲದ ಮೇಲೆ ಕಲ್ಲುಹರಳು ಇಡುತ್ತಿದ್ದ. ಅರವತ್ತು, ಅರವತ್ತೊಂದು, ಅರವತ್ತಮೂರು, ಅರವತ್ತೈದು. ಅಲ್ಲಿಗೆ ಬಂದು ನೀರು ಹಿಂದೆ ಹೋದ ಓದುಗಳು ನೂರಾರಿದ್ದವು. ಅರವತ್ತಾರನ್ನು ದಾಟಿದ ಓದುಗಳು ಮೂರು ತಲೆಮಾರಿಗೂ ಸೇರಿ ಐದೇ ಐದು. ಐದು ಸಲವೂ ನೀರು ಅಲ್ಲಿಂದ ಹಿಂದೆ ಹೋಗಿರಲಿಲ್ಲ. ಅರ್ಧ ದಿನದೊಳಗೆ ಒಡ್ಡಿನ ನೆತ್ತಿಗೆ ಬಂದಿತ್ತು.

ನಡುವೆ ಒಂದು ಓಲೆಯ ಬಳಿ ಬೀರಮ್ಮ ತಡೆದಳು. ಸಾಂತಯ್ಯನಿಗೆ ತಿಳಿಯಿತು.

"ಅದಾ?"

"ಅದೇ. ಮೂರು ದಿನ ಮುಂಚಿನದು."

"ಓದು."

"ಕಡಲು ಐವತ್ತೆರಡಕ್ಕೆ ಬಂತು. ಕಡಲು ಹದಿನಾಲ್ಕಕ್ಕೆ ಹೋಯಿತು. ಗಾಳಿ ಮಲಗಿದೆ. ನೊರೆ ಬಿಳಿ."

ಅವನು ತಲೆ ತಗ್ಗಿಸಿ ಕೂತ. ಊರು ಮರೆತ ಮಾತನ್ನು ಆ ಜಗುಲಿಯ ಮೇಲೆ ಅವನು ಹೇಳಿದ. "ಕೇಳಿದೆ" ಎಂದ.

ಏಳನೇ ದಿನ ಸಾಂತಯ್ಯ ಕಂಬದ ಅರವತ್ತಾರನೇ ಗೆರೆಗೆ ಕೆಂಪು ಬಳಿದ. ಸುತ್ತಲೂ ನಾಲ್ಕು ಗಳ ನೆಟ್ಟು ಒರಟು ಬಟ್ಟೆಯ ಪರದೆ ಕಟ್ಟಿದ. ಚೌಕದಲ್ಲಿ ಗಲಾಟೆಯೆದ್ದಿತು. ಕುರುಡು ಮಾಡ್ತಿದ್ದೀರಿ ಎಂದು ಕೂಗಿದರು. ಒಬ್ಬಳು ಪರದೆ ಹಿಡಿದು ಎಳೆದಳು. ಊರಹಿರಿಯ ಕೋಲು ಊರಿಕೊಂಡು ಬಂದ.

"ಸಾಂತಯ್ಯ, ನಿನ್ನಷ್ಟು ಕಳ್ಕೊಂಡೋರು ಈ ಊರಲ್ಲಿ ಕೆಲವರೇ. ಮುಚ್ಚು ಅಂತ ನೀನೇ ಹೇಳ್ತೀಯಾ?"

"ಹೌದು ಹಿರೇರೇ. ಕೆಂಪು ಗೆರೆ ಮುಟ್ಟಿದ್ರೆ ನಗಾರಿ ಬಾರಿಸ್ತೀವಿ. ಮುಟ್ಟದಿದ್ರೆ ನಿಮಗೆ ಇದರ ಗೊಡವೆ ಬೇಡ. ಅಕ್ಕ ಹೇಳೋದನ್ನ ಕೇಳಿ."

ಊರಹಿರಿಯ ಓದುವವಳ ಕಡೆ ತಿರುಗಿದ. "ಹೇಳವ್ವ. ದೊಡ್ಡ ಉಬ್ಬರಕ್ಕೆ ಎಷ್ಟು ದಿನ ಇದೆ?"

"ನಲವತ್ತೊಂದು ಓದು."

"ಒಡ್ಡು ಎಷ್ಟು ಏರಬೇಕು?"

"ಹತ್ತು ಮೆಟ್ಟಿಲು. ಉದ್ದಕ್ಕೂ."

ಜನ ಒಡ್ಡಿನ ಕಡೆ ತಿರುಗಿದರು. ಒಡ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಅರ್ಧ ದಿನ ಬೇಕಿತ್ತು. ತೂಬಿನವಳೊಬ್ಬಳು ಗುಂಪಿನಿಂದ ಕೇಳಿದಳು, "ಒಡ್ಡಿನ ಮೇಲೆ ನಿಂತು ಕಟ್ಟುವಾಗ ಕಡಲು ಕಣ್ಣಿಗೆ ಬೀಳುತ್ತಲ್ಲ? ಕಟ್ಟಳೆ?"

ಊರಹಿರಿಯ ಕೋಲಿನ ತುದಿಯಿಂದ ನೆಲ ಕೆದಕಿದ. "ಕೈಯಲ್ಲಿ ಬುಟ್ಟಿ ಇರೋರು ನೋಡಬಹುದು" ಎಂದ.

ಅಂದೇ ಬುಟ್ಟಿಗಳು ಹೊರಟವು. ಮೊದಲ ದಿನ ಒಡ್ಡು ಹತ್ತಿದವರು ಬುಟ್ಟಿ ಕೆಳಗಿಳಿಸಿ ನಿಂತುಬಿಟ್ಟರು. ಅಷ್ಟು ನೀರು, ಅಷ್ಟು ಬೆಳಕು! ಕೆಲವರು ಹೆದರಿ ಕೂತರು, ಕೆಲವರು ನಕ್ಕರು. ನಾಲ್ಕನೇ ದಿನಕ್ಕೆ ಅದು ಪಕ್ಕದ ಮನೆಯ ಹಾಗೆ ಆಗಿಹೋಯಿತು. ಕಲ್ಲು ಬಂತು, ಜೇಡಿಮಣ್ಣು ಬಂತು, ಮತ್ತೆ ಕಲ್ಲು ಬಂತು. ಕೈಯಿಂದ ಕೈಗೆ, ತಲೆಯಿಂದ ತಲೆಗೆ. ಕುಂಬಾರ ಮಣ್ಣು ಹದಮಾಡಿದ. ನೇಯುವವರು ಬುಟ್ಟಿ ಹೆಣೆದರು. ಕಂಬದ ತುದಿಗೂ ಹತ್ತು ಗೆರೆಯಷ್ಟು ಗಾಜು ಏರಿತು. ಕರಿದಾಗದ ರೊಟ್ಟಿ ಒಡ್ಡಿನ ಮೇಲಕ್ಕೆ ಬಂತು. ಬೀರಮ್ಮ ಎಂಟು ದಿನಕ್ಕೊಮ್ಮೆ ಮೆಟ್ಟಿಲ ಮೇಲೆ ಕೂತು ನೋಡಿದಳು, ಮರುದಿನ ಕೆಲಸದ ನಡುವೆಯೇ ನಿಂತು ಓದಿದಳು. ಈಗ ಅವಳು ಒಂದು ಓಲೆಯನ್ನಲ್ಲ, ಮೂರನ್ನು ಓದುತ್ತಿದ್ದಳು. ಈ ಸಲದ್ದು, ಹೋದ ವರ್ಷ ಇದೇ ಹೊತ್ತಿನದು, ಅತ್ತೆಯ ಕಾಲದ್ದು. ಜನ ಬುಟ್ಟಿ ಹೊತ್ತುಕೊಂಡೇ "ಕೇಳಿದೆವು" ಎನ್ನುತ್ತಿದ್ದರು. ಮೂರರ ನಡುವಿನ ಅಂತರ ಕೇಳಿ ನಡಿಗೆ ಚುರುಕಾಗುತ್ತಿತ್ತು. ತೂಬು ಮತ್ತೆ ಓದಿನ ಪ್ರಕಾರ ತೆರೆದು ಮುಚ್ಚಿತು. ಮಳೆ ಗದ್ದೆಯ ಉಪ್ಪನ್ನು ತೊಳೆಯಿತು, ಎರಡನೇ ಸಲ ಬಿತ್ತಿದ್ದು ಹಸಿರಾಗಿ ಬಂತು.

ಪರದೆಯೊಳಗೆ ಐದು ಜನ ಸರದಿಯಲ್ಲಿ ಕೂತು ನೋಡಿದರು. ಮೊದಲ ತಿಂಗಳು ಸಾಂತಯ್ಯ ಸರದಿ ಬಿಡಲಿಲ್ಲ. ಬೇರೆಯವರ ಹೊತ್ತಿನಲ್ಲೂ ಪರದೆಯ ಅಂಚಿನಲ್ಲಿ ನಿಂತಿರುತ್ತಿದ್ದ. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ತೂಬಿನವಳ ಸರದಿಯಲ್ಲಿ ನೀಲಿ ಕೆಂಪನ್ನು ಮುಟ್ಟಿತು, ಅವಳು ನಗಾರಿ ಬಾರಿಸಿದಳು, ಇಡೀ ಊರು ದಿಬ್ಬದ ಮೇಲೆ ಹೋಗಿ ನಿಂತಿತು. ನೀರು ಹಳೆಯ ಒಡ್ಡಿನ ನೆತ್ತಿ ದಾಟಿ ಹೊಸ ಮಣ್ಣಿಗೆ ತಾಗಿ ಹಿಂದೆ ಹೋಯಿತು. ಕೆಳಗಿನ ಕೇರಿಗೆ ಒಂದು ಹನಿಯೂ ಬೀಳಲಿಲ್ಲ. ಆಗ ಸಾಂತಯ್ಯ ಮನೆಯಲ್ಲಿ ನಿದ್ದೆ ಮಾಡುತ್ತಿದ್ದ. ನಗಾರಿಯ ಸದ್ದಿಗೆ ಎದ್ದು, ಎಲ್ಲರ ಜೊತೆ ಓಡಿ, ಎಲ್ಲರ ಜೊತೆ ಹಿಂದಿರುಗಿ ಬಂದ. ತನ್ನ ಕಣ್ಣಿಲ್ಲದೆಯೂ ಊರು ಉಳಿಯಿತು ಎಂಬುದು ಅವನಿಗೆ ಅಂದು ತಿಳಿಯಿತು. ಮರುದಿನ ಅವನು ಗಡ್ಡ ತೆಗೆಸಿ ಬುಟ್ಟಿ ಹೊತ್ತ.

ನಲವತ್ತೊಂದನೇ ಓದಿನಲ್ಲಿ ಬೀರಮ್ಮ ಹೇಳಿದಳು, "ಕಡಲು ಅರವತ್ತೈದಕ್ಕೆ ಬಂತು. ಕಡಲು ಹತ್ತೊಂಬತ್ತಕ್ಕೆ ಹೋಯಿತು. ನೊರೆ ಬೂದಿ ಬಣ್ಣ. ಈ ಎಂಟು ದಿನದೊಳಗೆ ಬರುತ್ತೆ. ಯಾವ ದಿನ ಅಂತ ನಂಗೆ ಗೊತ್ತಿಲ್ಲ."

"ಅದು ನಮಗೆ ಗೊತ್ತಾಗುತ್ತೆ ಬೀರಕ್ಕ" ಎಂದ ಸಾಂತಯ್ಯ ಗುಂಪಿನಿಂದ.

ಐದನೇ ದಿನ, ಸೂರ್ಯ ನೆತ್ತಿಗೆ ಬರುವ ಮುಂಚೆ, ನಗಾರಿ ಮೊಳಗಿತು. ಮಕ್ಕಳೂ ಮುದುಕರೂ ದಿಬ್ಬಕ್ಕೆ ಹೋದರು. ಕೈಯಲ್ಲಿ ಬಲವಿದ್ದವರೆಲ್ಲ ಒಡ್ಡಿಗೆ ಹೋದರು. ಕಡಲು ಬರುತ್ತಿತ್ತು. ಓಡಿ ಬರುತ್ತಿರಲಿಲ್ಲ, ಎದ್ದು ನಿಲ್ಲುತ್ತಿತ್ತು. ಅರವತ್ತೆಂಟು. ಎಪ್ಪತ್ತು. ಹಳೆಯ ಕಲ್ಲು ಮುಳುಗಿತು. ಎಪ್ಪತ್ತೆರಡು. ಕೆಳಗಿನ ಕೇರಿಯ ಎದುರಿಗೆ, ಎಲ್ಲಕ್ಕಿಂತ ಕೊನೆಗೆ ಕಟ್ಟಿ ಮುಗಿಸಿದ ಜಾಗದಲ್ಲಿ, ಮಣ್ಣು ಬೆವರತೊಡಗಿತು. ಮೊದಲು ಒಂದು ಎಳೆ ನೀರು. ಆಮೇಲೆ ಬೆರಳು ದಪ್ಪ.

"ಇಲ್ಲಿ! ಮಣ್ಣು ತನ್ನಿ!" ಸಾಂತಯ್ಯ ಕೂಗಿದ. ಅವನು ಬೆನ್ನುಕೊಟ್ಟು ಆ ಜಾಗಕ್ಕೆ ಒರಗಿ ನಿಂತ. ಅವನ ಪಕ್ಕಕ್ಕೆ ಕುಂಬಾರ, ಅವನ ಪಕ್ಕಕ್ಕೆ ತೂಬಿನವಳು. ಬುಟ್ಟಿಗಳು ಸಾಲಿನಲ್ಲಿ ಹಾರಿ ಬಂದವು. ಅವರ ಭುಜದ ಮೇಲಿಂದ, ಕಾಲುಗಳ ನಡುವಿನಿಂದ ಜೇಡಿ ತುಂಬಿದರು, ತುಳಿದರು, ಮತ್ತೆ ತುಂಬಿದರು. ಎಪ್ಪತ್ತೈದು. ಎಪ್ಪತ್ತಾರು. ಬೆರಳು ದಪ್ಪದ ನೀರು ಎಳೆಯಾಯಿತು. ಎಳೆ ಹನಿಯಾಯಿತು. ಹನಿ ನಿಂತಿತು.

ಎಪ್ಪತ್ತೇಳಕ್ಕೆ ಕಡಲೂ ನಿಂತಿತು. ನೂರಾರು ಜನ ಅದರ ಎದುರು ನಿಂತರು. ಆಮೇಲೆ ಹೊಸ ಕಲ್ಲಿನ ಮೇಲೆ ಒಂದು ಒದ್ದೆಯ ಪಟ್ಟಿ ಕಾಣಿಸಿತು, ಬೆರಳಗಲ. ನೋಡುತ್ತಿದ್ದಂತೆ ಅದು ಗೇಣಾಯಿತು, ಮೊಳವಾಯಿತು. ಕಡಲು ಹಿಂದೆ ಹೋಗುತ್ತಿತ್ತು.

ಆಗ ಎದ್ದ ಕೂಗು ದಿಬ್ಬದ ಮೇಲಿದ್ದವರಿಗೂ ಕೇಳಿಸಿತು. ಚೌಕದಲ್ಲಿ ನಗಾರಿ ಮತ್ತೆ ಶುರುವಾಯಿತು, ಆದರೆ ಓಡುವ ನಗಾರಿಯಲ್ಲ, ಕುಣಿಯುವ ನಗಾರಿ. ಕೆಸರು ಮೆತ್ತಿಕೊಂಡ ಗಂಡಸರು ಹೆಂಗಸರು ಒಡ್ಡಿನ ಮೇಲೆ ಒಬ್ಬರ ಸೊಂಟ ಒಬ್ಬರು ಹಿಡಿದು ಕುಣಿದರು. ದಿಬ್ಬದಿಂದ ಮಕ್ಕಳು ಓಡಿ ಬಂದರು. ಊರಹಿರಿಯ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡೂ ಕೈಯಿಂದ ಚಪ್ಪಾಳೆ ಹೊಡೆದ. ಗದ್ದೆಯಲ್ಲಿ ತೆನೆ ಒಂದು ಹನಿ ಉಪ್ಪುನೀರೂ ತಾಗದೆ ನಿಂತಿತ್ತು. ಕೆಳಗಿನ ಕೇರಿಯ ಅಂಗಳಗಳಲ್ಲಿ ಹಾಸಿದ ಚಾಪೆಗಳು ಹಾಸಿದ ಹಾಗೇ ಇದ್ದವು.

ಸಾಂತಯ್ಯ ಮೈತುಂಬ ಜೇಡಿಯಾಗಿ ಬಂದು ಬೀರಮ್ಮನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

"ಇಳಿಸೋ! ನನ್ನ ಓಲೆ ಎಲ್ಲಿ? ಎಪ್ಪತ್ತೇಳಾ, ಎಪ್ಪತ್ತೆಂಟಾ ಅಂತ ಸರಿಯಾಗಿ ನೋಡ್ಬೇಕು, ಇಳಿಸೋ!"

"ಇವತ್ತು ಐದನೇ ದಿನ ಕಣಕ್ಕ. ಇವತ್ತು ನಿಂಗೆ ಕೆಲಸ ಇಲ್ಲ" ಎಂದ ಅವನು.

ಅವಳು ಅವನ ತಲೆಗೆ ಮೆಲ್ಲಗೆ ಒಂದು ಏಟು ಕೊಟ್ಟು, ನಕ್ಕುಬಿಟ್ಟಳು. ಓದುವವಳು ಬಾಯಿ ತುಂಬ ನಗುವುದನ್ನು ಊರು ಅಂದೇ ಮೊದಲ ಸಲ ಕಂಡಿದ್ದು. ಅವನು ಅವಳನ್ನು ಹೊತ್ತು ಒಡ್ಡಿನ ಉದ್ದಕ್ಕೂ ನಡೆದ, ಹಿಂದೆ ಊರೆಲ್ಲ ನಡೆಯಿತು. ಒಂದು ಬದಿಗೆ ಹೊಳೆಯುತ್ತ ಹಿಂದೆ ಸರಿಯುವ ನೀರು, ಇನ್ನೊಂದು ಬದಿಗೆ ಹೊಗೆಯಾಡುವ ಸೂರುಗಳು. ದಾರಿಯಲ್ಲಿ ಅವನಿಗೆ ಸುಸ್ತಾದಾಗ ಕುಂಬಾರ ಅವಳನ್ನು ಹೊತ್ತ, ಕುಂಬಾರನಿಗೆ ಸುಸ್ತಾದಾಗ ಇಬ್ಬರು ತೂಬಿನವರು. ಕೊನೆಗೆ ಬಡಗಣ ತುದಿ ಮುಟ್ಟಿದಾಗ ಅಲ್ಲಿ ಯಾರೋ ಆಗಲೇ ಕಲ್ಲು ಹೂಡಿ ಒಲೆ ಹಚ್ಚಿದ್ದರು. ದೊಡ್ಡ ಹಂಡೆಯಲ್ಲಿ ಬೆಲ್ಲದ ಪಾಯಸ ಕುದಿಯುತ್ತಿತ್ತು, ಜನ ಬಾಳೆಲೆ ಹಿಡಿದು ಸಾಲಾಗಿ ಕೂತರು.